ನಾಲ್ವರ ಜಮೀನು, ಒಬ್ಬರ ಪಹಣಿ

ಅಗ್ರಹಾರಗಳ ಶಾಸನಗಳಲ್ಲಿ ಬರುವ ‘ವೃತ್ತಿ’ ಎಂಬ ಭೂಮಿಯ ಪಾಲಿನ ಬಗ್ಗೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಯಾರಿಗೆ ಎಷ್ಟು ವೃತ್ತಿ, ಯಾರ ಅರ್ಧ ವೃತ್ತಿ ಯಾರ ಕೈಗೆ ಹೋಯಿತು ಎಂದು ದಿನವಿಡೀ ಪಟ್ಟಿ ಮಾಡುವುದೇ ಕೆಲಸ. ಎಂಟುನೂರು ವರ್ಷದ ಹಿಂದಿನವರ ಪಾಲು ಲೆಕ್ಕ ಹಾಕುವ ನನಗೆ, ಮೂವತ್ತು ವರ್ಷದ ಹಿಂದೆ ನಮ್ಮ ಮನೆಯವರೇ ಮಾಡಿಕೊಂಡ ಒಂದು ಪಾಲಿನ ಲೆಕ್ಕ ಗೊತ್ತೇ ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ಅಪ್ಪ ಟ್ರಂಕಿನ ತಳದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು, “ನೀನು ಇಂಥದ್ದನ್ನೆಲ್ಲ ಓದೋಳಲ್ವಾ, ಇದನ್ನೂ ಸ್ವಲ್ಪ ಓದು” ಎಂದು ಕೊಟ್ಟರು.

ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಎಂದಿದೆ. ಅದರ ಕೆಳಗೆ 1994ರ ಒಂದು ತಾರೀಖು, ಆಮೇಲೆ ನಾಲ್ಕು ಸಾಲು. ಅಪ್ಪ 30,000. ಚಿಕ್ಕಪ್ಪ 24,000. ಸೋದರಮಾವ 24,000. ಅಪ್ಪನ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದ ಅವರ ಸ್ನೇಹಿತರು, ನಾವೆಲ್ಲ ‘ಲೆಕ್ಕದ ಮೇಷ್ಟ್ರು’ ಎನ್ನುತ್ತಿದ್ದವರು, 18,000. ಒಟ್ಟು 96,000 ರೂಪಾಯಿ. ಈ ದುಡ್ಡಿನಲ್ಲಿ ತುಮಕೂರಿನ ಆಚೆ ಚಿಕ್ಕಪ್ಪನ ಹೊಲದ ಪಕ್ಕದಲ್ಲೇ 1 ಎಕರೆ 20 ಗುಂಟೆ ಖುಷ್ಕಿ ಜಮೀನು ಕೊಂಡರು. ಕ್ರಯಪತ್ರ ಆದದ್ದು ಚಿಕ್ಕಪ್ಪನೊಬ್ಬರ ಹೆಸರಿಗೆ.

ಹಾಗೇಕೆ ಎಂದು ಕೇಳಿದರೆ ಅಪ್ಪ “ಆಗಿನ ಕಾನೂನು ಹಾಗಿತ್ತಮ್ಮ” ಎಂದರು. ಅದು ನಿಜವೇ. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದು. ಅದರ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನಿಗೆ ಭೂಮಿ ಕೊಡಲು ಹೊರಟ ಆ ಕಾನೂನು, ಉಳದವರು ಮತ್ತೆ ಭೂಮಿ ಕೊಳ್ಳದಂತೆಯೂ ನೋಡಿಕೊಳ್ಳಬೇಕಿತ್ತು. ಅದಕ್ಕಾಗಿಯೇ 79ಎ, 79ಬಿ ಕಲಮುಗಳು. ಬೇಸಾಯದಿಂದಲ್ಲದ ಆದಾಯ ಇಂತಿಷ್ಟಕ್ಕಿಂತ ಹೆಚ್ಚಿದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಸ್ವತಃ ಬೇಸಾಯ ಮಾಡದವರು ಅದನ್ನು ಹೊಂದುವಂತಿಲ್ಲ. ಉದ್ದೇಶ ದೊಡ್ಡದು. ಗೇಣಿ ಕೊಟ್ಟು ಸೋತ ಎಷ್ಟೋ ಮನೆಗಳು ಆ ಕಾಯ್ದೆಯಿಂದ ನೆಲ ಕಂಡವು. ಆದರೆ ಸಂಬಳದಲ್ಲಿ ಉಳಿಸಿದ ಚೂರುಪಾರು ದುಡ್ಡನ್ನು ಮಣ್ಣಿನಲ್ಲಿ ಹಾಕಬೇಕೆಂಬ ಆಸೆ ಕಾಯ್ದೆಯಿಂದ ಸಾಯಲಿಲ್ಲ, ಬೇರೆ ದಾರಿ ಹುಡುಕಿಕೊಂಡಿತು. ನಾಲ್ವರಲ್ಲಿ ಪಹಣಿ ಇದ್ದದ್ದು ಚಿಕ್ಕಪ್ಪನಿಗೆ ಮಾತ್ರ. ಅಪ್ಪ ನೌಕರಿ ಹಿಡಿದು ಊರು ಬಿಟ್ಟಾಗ ತಮ್ಮ ಪಾಲಿನ ಹೊಲವನ್ನು ತಮ್ಮನಿಗೇ ಬಿಟ್ಟಿದ್ದರು. ಮಾವ ಬ್ಯಾಂಕ್ ಗುಮಾಸ್ತರು. ಮೇಷ್ಟ್ರಿಗೆ ಹುಟ್ಟಿನಿಂದಲೇ ಜಮೀನಿರಲಿಲ್ಲ. ಹೀಗೆ ನಾಲ್ವರ ದುಡ್ಡು ಒಬ್ಬರ ಹೆಸರಿನಲ್ಲಿ ಕೂತಿತು.

ಮೇಷ್ಟ್ರು 2011ರಲ್ಲಿ ತೀರಿಕೊಂಡರು. ಚಿಕ್ಕಪ್ಪ ಹೋಗಿ ಮೂರು ವರ್ಷವಾಯಿತು. ಈಗ ಆ ಜಮೀನಿನ ಪಕ್ಕದವರೆಗೂ ಲೇಔಟ್ ಬಂದಿದೆ, ಕೇಳುವವರು ಮನೆ ಬಾಗಿಲಿಗೇ ಬರುತ್ತಿದ್ದಾರೆ. ಮೇಷ್ಟ್ರ ಹೆಂಡತಿ ಆಂಟಿ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾರೆ. ಬಾಗಿನ ತಗೊಂಡು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, ಬೇರೇನೋ ನೆನಪಾದವರಂತೆ, “ಆ ಜಮೀನಿಂದು ಏನಾಯ್ತು ಸರ್?” ಎನ್ನುತ್ತಾರೆ. ಅಪ್ಪ “ಆಗತ್ತಮ್ಮ, ಮಾಡೋಣ” ಎನ್ನುತ್ತಾರೆ. ಈ ಎರಡು ಮಾತು ಹದಿಮೂರು ವರ್ಷ ನಡೆದಿವೆ. ನೋಟ್‌ಬುಕ್ ನನ್ನ ಕೈಗೆ ಬಂದದ್ದು ಮೂರನೆಯ ಮಾತಿಗಾಗಿ.

ಸ್ನೇಹಿತರು, ನೆಂಟರು ಸೇರಿ ದುಡ್ಡು ಹಾಕಿ ನೆಲ ಕೊಳ್ಳುವುದು ಹೊಸ ರಿಯಲ್ ಎಸ್ಟೇಟ್ ಹುಚ್ಚು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಕೂಡಿ ಹಾಕಿದ ದುಡ್ಡಿನ ಜಗಳ ಎಷ್ಟು ಹಳೆಯದೆಂದರೆ, ಅದರ ಬಗ್ಗೆ ಇಡೀ ದೇಶಕ್ಕೆ ನ್ಯಾಯ ಹೇಳಿದ ಗ್ರಂಥ ಬರೆದದ್ದು ನಮ್ಮ ಕಲ್ಯಾಣದಲ್ಲೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯ (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಮಗ ಹುಟ್ಟುತ್ತಲೇ ಪಿತ್ರಾರ್ಜಿತದಲ್ಲಿ ಪಾಲುದಾರನಾಗುತ್ತಾನೆ ಎಂಬ ಅದರ ಮಾತನ್ನು ಬ್ರಿಟಿಷ್ ನ್ಯಾಯಾಲಯಗಳು ಎತ್ತಿಕೊಂಡದ್ದರಿಂದ, ಬಂಗಾಳದ ಕಡೆಯನ್ನು ಬಿಟ್ಟು ಬಹುಪಾಲು ಭಾರತದ ಹಿಂದೂ ಅವಿಭಕ್ತ ಕುಟುಂಬಗಳ ಕಾನೂನು ಅದೇ ಆಯಿತು. ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ವಕೀಲರು ಇವತ್ತಿಗೂ ‘ಮಿತಾಕ್ಷರ ಕುಟುಂಬ’ ಎನ್ನುವುದು ಬಸವಕಲ್ಯಾಣದ ಆ ಪಂಡಿತನ ನೆನಪಿನಲ್ಲೇ.

ದಾಯಭಾಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದೇ ಗ್ರಂಥದಲ್ಲಿ ರಕ್ತಸಂಬಂಧ ಬೇಕಿಲ್ಲದ ಪಾಲುದಾರಿಕೆಯ ಬಗ್ಗೆಯೂ ಒಂದು ಪ್ರಕರಣವಿದೆ, ‘ಸಂಭೂಯ ಸಮುತ್ಥಾನ’ ಎಂದು. ಹಲವರು ಕೂಡಿ ಲಾಭಕ್ಕಾಗಿ ಮಾಡುವ ಕೆಲಸ ಎಂದು ಅರ್ಥ. ಅದು ವ್ಯಾಪಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು, ಜಮೀನು ಕೊಂಡವರಿಗಲ್ಲ. ಆದರೂ ಅದರ ಸೂತ್ರಗಳನ್ನು ಓದುವಾಗ ಅಪ್ಪನ ನೋಟ್‌ಬುಕ್ ಪಕ್ಕದಲ್ಲೇ ಇತ್ತು. ಲಾಭ ನಷ್ಟ ಎರಡೂ ಹಾಕಿದ ಬಂಡವಾಳದ ಪ್ರಮಾಣದಲ್ಲಿ, ಇಲ್ಲವೇ ಮೊದಲೇ ಮಾತಾಡಿಕೊಂಡ ಹಾಗೆ. ಉಳಿದವರು ಬೇಡವೆಂದದ್ದನ್ನು ಮಾಡಿಯೋ ಅಜಾಗ್ರತೆಯಿಂದಲೋ ಕಳೆದವನು ಕಟ್ಟಿಕೊಡಬೇಕು. ವಂಚಿಸಿದವನನ್ನು ಲಾಭವಿಲ್ಲದೆ ಹೊರಗೆ ಹಾಕಬೇಕು. ಪಾಲುದಾರ ದೂರದೇಶಕ್ಕೆ ಹೋಗಿ ಸತ್ತರೆ ಅವನ ಪಾಲು ಅವನ ವಾರಸುದಾರರಿಗೆ, ಉಳಿದ ಪಾಲುದಾರರಿಗಲ್ಲ. ಇನ್ನೊಂದು ಸೂತ್ರ ನನ್ನನ್ನು ನಿಲ್ಲಿಸಿತು: ಆಪತ್ತಿನಿಂದ ಸರಕನ್ನು ಕಾಪಾಡಿದ ಪಾಲುದಾರನಿಗೆ ಕಾಪಾಡಿದ್ದರ ಹತ್ತನೆಯ ಒಂದು ಪಾಲು ಹೆಚ್ಚು. ಇದಕ್ಕೆ ಮತ್ತೆ ಬರುತ್ತೇನೆ.

ಭೂಮಿಯ ಕ್ರಯದ ಬಗ್ಗೆಯೂ ವಿಜ್ಞಾನೇಶ್ವರ ಒಂದು ಹಳೆಯ ಮಾತನ್ನು ಚರ್ಚೆಗೆ ತರುತ್ತಾನೆ. ನೆಲ ಕೈ ಬದಲಾಗಲು ಊರವರು, ಜ್ಞಾತಿಗಳು, ಅಕ್ಕಪಕ್ಕದ ಹೊಲದವರು, ದಾಯಾದಿಗಳು ಒಪ್ಪಬೇಕು, ಚಿನ್ನ ಮತ್ತು ನೀರು ಎರೆದು ಕೊಡಬೇಕು ಎಂದು. ಇಷ್ಟು ಜನ ಒಪ್ಪದಿದ್ದರೆ ವ್ಯವಹಾರವೇ ಬಿದ್ದುಹೋಗುತ್ತದೆಯೇ? ಇಲ್ಲ ಎನ್ನುತ್ತಾನೆ ಅವನು. ಊರವರ ಒಪ್ಪಿಗೆ ಬೇಕಾದದ್ದು ವ್ಯವಹಾರ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು, ಪಕ್ಕದ ಹೊಲದವರ ಒಪ್ಪಿಗೆ ಬೇಕಾದದ್ದು ಎಲ್ಲೆಯ ತಕರಾರು ಬಾರದಿರಲಿ ಎಂದು. ಒಪ್ಪಿಗೆ ಎನ್ನುವುದಕ್ಕಿಂತ ಸಾಕ್ಷಿ ಎನ್ನಬಹುದು. ಸಬ್ ರಿಜಿಸ್ಟ್ರಾರ್ ಕಚೇರಿ ಇಲ್ಲದ ಕಾಲದಲ್ಲಿ ಊರಿನ ಕಣ್ಣೇ ನೋಂದಣಿ.

ನನ್ನ ಶಾಸನಗಳೂ ಇದನ್ನೇ ಮಾಡುತ್ತವೆ. ಅಗ್ರಹಾರದ ಭೂಮಿಯನ್ನು ಇಷ್ಟು ವೃತ್ತಿ ಎಂದು ಭಾಗ ಮಾಡಿ, ಪಡೆದವರ ಹೆಸರು, ತಂದೆಯ ಹೆಸರು, ಗೋತ್ರ, ವೃತ್ತಿಯ ಸಂಖ್ಯೆಯನ್ನು ತಾಮ್ರದಲ್ಲೋ ಕಲ್ಲಿನಲ್ಲೋ ಕೊರೆಯುತ್ತಿದ್ದರು. ಅರ್ಧ ವೃತ್ತಿಯವನ ಹೆಸರೂ ಬಿಟ್ಟುಹೋಗುವುದಿಲ್ಲ. ಕೆಲವು ಕಡೆ ವೃತ್ತಿಯನ್ನು ಹೊರಗಿನವರಿಗೆ ಮಾರಬಾರದು, ಅಡವಿಡಬಾರದು ಎಂಬ ಕಟ್ಟೂ ಇದೆ. ಆದರೆ ಕಲ್ಲಿನ ಪಟ್ಟಿಯನ್ನು ನಂಬುವಾಗ ಅದರಲ್ಲಿ ಇಲ್ಲದವರನ್ನೂ ನೆನೆಯಬೇಕು. ಅದು ರಾಜ ಬ್ರಾಹ್ಮಣರಿಗೆ ಕೊಟ್ಟ ದಾನ. ಆ ನೆಲವನ್ನು ನಿಜವಾಗಿ ಉತ್ತವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ.

ಅಪ್ಪನ ಪುಸ್ತಕದಲ್ಲೂ ಒಂದು ಹೆಸರಿಲ್ಲ ಎಂದು ತಿಳಿದದ್ದು ಅಮ್ಮನಿಂದ. “ನಿಮ್ಮಪ್ಪನ ಮೂವತ್ತು ಸಾವಿರದಲ್ಲಿ ಎಂಟು ಸಾವಿರ ನನ್ನ ಬಳೆ ಅಡವಿಟ್ಟಿದ್ದು” ಎಂದರು. ಬಳೆ ಬಿಡಿಸಿದ್ದು ಐದು ವರ್ಷದ ಮೇಲಂತೆ. ಹೆಂಡತಿಯ ಸ್ತ್ರೀಧನವನ್ನು ಗಂಡ ತೆಗೆದುಕೊಂಡು ವಾಪಸು ಕೊಡದೇ ಇರಬಹುದಾದ ಸಂದರ್ಭಗಳನ್ನು ಯಾಜ್ಞವಲ್ಕ್ಯ ಹೆಸರಿಸುತ್ತಾನೆ: ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ. “ಜಮೀನು ಕೊಳ್ಳೋದು ಆ ಪಟ್ಟಿಯಲ್ಲಿ ಇಲ್ಲಪ್ಪ” ಎಂದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ರಾಜನ ದಾನವಲ್ಲದೆ ತಮ್ಮದೇ ಉಳಿತಾಯದಿಂದ ಕೂಡಿ ನೆಲ, ಮನೆ ಮಾಡಿಕೊಳ್ಳುವ ಆಧುನಿಕ ಕ್ರಮ ನಮ್ಮಲ್ಲಿ ಸಹಕಾರ ಸಂಘಗಳ ಜೊತೆ ಬಂತು. 1904ರಲ್ಲಿ ಬ್ರಿಟಿಷ್ ಭಾರತದಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಆಯಿತು. 1905ರ ಮೇ 8ರಂದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಕಾನೂನು ಮಾಡಿತು. 1909ರಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗಾಗಿಯೇ ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ಹುಟ್ಟಿತು. 1898ರ ಪ್ಲೇಗ್ ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳಿಂದ ಜನರನ್ನು ಓಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳಲ್ಲಿ ನಿವೇಶನ ಹಿಡಿಯುವುದು ಮಧ್ಯಮ ವರ್ಗದ ಕನಸಾಗಿದ್ದ ಕಾಲ ಅದು.

ಮುಂಬಯಿಯ ಒಂದು ಉದಾಹರಣೆ ಇನ್ನೂ ಸ್ಪಷ್ಟ. ಕೆನರಾ ಜಿಲ್ಲೆಗಳಿಂದ ಗುಮಾಸ್ತಿಕೆಗೆಂದು ಮುಂಬಯಿ ಸೇರಿದ ಸಾರಸ್ವತರಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿತ್ತು. ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರ ಸಂಘವನ್ನೂ 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರ ಗೃಹ ಸಂಘವನ್ನೂ ಕಟ್ಟಿದರು. ಅಲ್ಲಿ ನೆಲ, ಕಟ್ಟಡ ಎರಡೂ ಸಂಘದ್ದು. ಸದಸ್ಯ ಸಂಘದಲ್ಲಿ ಷೇರುದಾರ, ತನ್ನ ಮನೆಯಲ್ಲಿ ಸಂಘದ ಬಾಡಿಗೆದಾರ. ಒಬ್ಬ ಸತ್ತರೂ ಊರು ಬಿಟ್ಟರೂ ಪುಸ್ತಕದಲ್ಲಿ ಅವನ ಪಾಲು ಉಳಿಯುತ್ತದೆ. ನಮ್ಮ ನಾಲ್ವರಿಗೆ ಇಲ್ಲದೇ ಹೋದದ್ದು ಇದೇ.

ನಂಬಿಕೆಯ ಬಳಗ ಎಂದರೆ ಬಹಳ ಸಲ ಜಾತಿಯ ಬಳಗವೇ ಆಗುತ್ತದೆ ಎಂಬುದನ್ನೂ ಮರೆಯಬಾರದು. ಅಹಮದಾಬಾದಿನ ಪಾರ್ಸಿ ಗೃಹ ಸಂಘವೊಂದು ತನ್ನವರಲ್ಲದವರಿಗೆ ಮಾರುವಂತಿಲ್ಲ ಎಂದು ಮಾಡಿಕೊಂಡ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಳಗಿರುವವರಿಗೆ ಆಸರೆಯಾದದ್ದು ಹೊರಗಿರುವವರಿಗೆ ಬಾಗಿಲು ಮುಚ್ಚಿದ ಹಾಗೆ. ಮೇಷ್ಟ್ರು ನಮ್ಮ ಜಾತಿಯವರಲ್ಲ. ಅವರನ್ನು ಜಮೀನಿನಲ್ಲಿ ಸೇರಿಸಿಕೊಂಡಾಗ ಊರಿನಲ್ಲಿ ಒಂದಿಬ್ಬರು ಮೂಗು ಮುರಿದಿದ್ದರಂತೆ. ಅಪ್ಪ ಇದನ್ನು ನನಗೆ ಹೇಳಿದ್ದು ಈ ವರ್ಷ.

ಬೆಂಗಳೂರಿನಲ್ಲಿ ಸಹಕಾರ ಸಂಘಗಳ ದೊಡ್ಡ ಕಾಲ ಕಾರ್ಖಾನೆಗಳ ಜೊತೆ ಬಂತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಒಂದೊಂದಾಗಿ ಶುರುವಾದ ಮೇಲೆ, ಒಂದೇ ಪಾಳಿಯಲ್ಲಿ ದುಡಿಯುವವರು ಒಂದೇ ಬೀದಿಯಲ್ಲಿ ಸೈಟು ಮಾಡಿಕೊಂಡರು. ಊರಿನ ನಕ್ಷೆಯಲ್ಲಿ ಇವತ್ತಿಗೂ ಬಿ.ಇ.ಎಲ್. ಲೇಔಟ್, ಐ.ಟಿ.ಐ. ಲೇಔಟ್ ಎಂಬ ಹೆಸರುಗಳಿವೆ. ಆದರೆ ಸಂಘದ ಹೆಸರಿನಲ್ಲಿ ಸರ್ಕಾರವೇ ರೈತರ ಜಮೀನು ವಶಪಡಿಸಿಕೊಡುವ ಕ್ರಮ ಬಂದಾಗ ಅದರ ಸುತ್ತ ಮಧ್ಯವರ್ತಿಗಳು ಹುಟ್ಟಿಕೊಂಡರು. 1980ರ ದಶಕದಲ್ಲಿ ಜಿ.ವಿ.ಕೆ. ರಾವ್ ಅವರ ವಿಚಾರಣೆ ಇಂಥ ಸಂಘಗಳ ಅಕ್ರಮಗಳನ್ನು ಬಯಲು ಮಾಡಿತು. 1995ರಲ್ಲಿ ಎಚ್.ಎಂ.ಟಿ. ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಧ್ಯವರ್ತಿಯ ಜೊತೆಗಿನ ಒಪ್ಪಂದದ ಮೂಲಕ ನಡೆದ ಭೂಸ್ವಾಧೀನ ನಿಲ್ಲುವುದಿಲ್ಲ ಎಂದಿತು. ಕೂಡಿ ಕೊಳ್ಳುವವರ ಪಾಲನ್ನು ಕಾಯಬೇಕಾದ ಪುಸ್ತಕವೇ ಬೇರೆಯವರ ನೆಲ ಕಬಳಿಸುವ ಸಾಧನವೂ ಆಗಬಹುದು ಎಂಬುದಕ್ಕೆ ಈ ತೀರ್ಪು ಸಾಕ್ಷಿ.

ಸಂಘದ ದಾರಿ ಸಿಗದವರಿಗೆ, ಸಣ್ಣ ಊರಿನವರಿಗೆ ಉಳಿದದ್ದು ಮಾತಿನ ದಾರಿ. ಚೀಟಿ ಎತ್ತಿ ದುಡ್ಡು ಹೊಂದಿಸುವುದು, ಯಾರಾದರೂ ಒಬ್ಬರ ಹೆಸರಿಗೆ ಮಾಡಿಸುವುದು. ಮೇಷ್ಟ್ರ 18,000 ಕೂಡ ಚೀಟಿಯದೇ. ಅವರು ಅದನ್ನು ನಷ್ಟಕ್ಕೆ ಕೂಗಿ ಎತ್ತಿದ್ದರು ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಅಪ್ಪ ಬರೆದಿದ್ದಾರೆ.

ಈ ದಾರಿಯನ್ನು ಕಾನೂನು ಯಾವ ಹೆಸರಿನಿಂದ ಕರೆಯುತ್ತದೆ ಎಂದು ನನಗೆ ಹೇಳಿದವರು ಒಬ್ಬ ವಕೀಲರು. ಬೇನಾಮಿ. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು. 1988ರ ಬೇನಾಮಿ ವ್ಯವಹಾರಗಳ ನಿಷೇಧ ಕಾಯ್ದೆಯ ಪ್ರಕಾರ, ಹೆಸರಿದ್ದವರ ಮೇಲೆ ದುಡ್ಡು ಕೊಟ್ಟವರು ‘ಈ ಆಸ್ತಿ ನನ್ನದು’ ಎಂದು ದಾವೆ ಹೂಡುವಂತಿಲ್ಲ. 2016ರಲ್ಲಿ ಅದು ಇನ್ನೂ ಬಿಗಿಯಾಯಿತು. ಬೇನಾಮಿದಾರ ಆಸ್ತಿಯನ್ನು ದುಡ್ಡು ಕೊಟ್ಟವರಿಗೆ ವಾಪಸು ಬರೆದುಕೊಡುವುದಕ್ಕೂ ತಡೆ ಬಂತು. ಕಪ್ಪು ಹಣದವರಿಗಾಗಿ ಮಾಡಿದ ಕಾನೂನಿನ ಬಲೆಯಲ್ಲಿ ಮೇಷ್ಟ್ರ ಚೀಟಿ ದುಡ್ಡೂ ಸಿಕ್ಕಿತ್ತು. 2020ರಲ್ಲಿ ಕರ್ನಾಟಕ 79ಎ, 79ಬಿ ಕಲಮುಗಳನ್ನೇ ತೆಗೆದುಹಾಕಿದ್ದರಿಂದ ಇವತ್ತು ಇವರೆಲ್ಲ ತಮ್ಮ ತಮ್ಮ ಹೆಸರಿನಲ್ಲೇ ಜಮೀನು ಕೊಳ್ಳಬಹುದಿತ್ತು. ಆದರೆ 1994ರ ಕ್ರಯಪತ್ರ ಹಾಗೆಯೇ ಇದೆ. ಪಹಣಿಗಳು ಕಂಪ್ಯೂಟರಿಗೆ ಹೋದಾಗ ಅಲ್ಲೂ ಬಂದದ್ದು ಒಂದೇ ಹೆಸರು. ಚಿಕ್ಕಪ್ಪ ಉಯಿಲು ಬರೆಯದೆ ಹೋದ್ದರಿಂದ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರು ಕೊಂಡ ಜಮೀನು ಚಿಕ್ಕಮ್ಮ, ತಮ್ಮ, ತಂಗಿ ಮೂವರಿಗೂ ಸಮಪಾಲು. “ಆ ಮೂವರು ಮನಸ್ಸು ಮಾಡಿದರೆ ಉಂಟು. ನಿಮ್ಮ ನೋಟ್‌ಬುಕ್ಕಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಏನು ಮಾಡುವುದಿದ್ದರೂ ಸರಿಯಾಗಿ ವಿಚಾರಿಸಿ ಮಾಡಿ” ಎಂದರು ವಕೀಲರು.

ದೀಪಾವಳಿ ಕಳೆದ ಭಾನುವಾರ ಎಲ್ಲರೂ ಚಿಕ್ಕಪ್ಪನ ಮನೆಯಲ್ಲಿ ಸೇರಿದೆವು. ಅಪ್ಪ, ಅಮ್ಮ, ಮಾವ, ಚಿಕ್ಕಮ್ಮ, ತಮ್ಮ. ಬೆಂಗಳೂರಿನಲ್ಲಿರುವ ತಂಗಿ ಫೋನಿನಲ್ಲಿ. ಆಂಟಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವರು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತರು.

ನಾನು ನೋಟ್‌ಬುಕ್ ಓದಿದೆ. ಹದಿನಾರು ಪಾಲು ಮಾಡಿದರೆ ಅಪ್ಪನದು ಐದು, ಚಿಕ್ಕಪ್ಪ ಮತ್ತು ಮಾವನದು ನಾಲ್ಕು ನಾಲ್ಕು, ಮೇಷ್ಟ್ರದು ಮೂರು. ಅರವತ್ತು ಗುಂಟೆಯಲ್ಲಿ ಮೇಷ್ಟ್ರ ಪಾಲು 11 ಗುಂಟೆ 4 ಆಣೆ. ತಮ್ಮ ಸುಮ್ಮನೆ ಕೇಳಿಸಿಕೊಂಡ. ಆಮೇಲೆ, “ಅಕ್ಕಾ, ಇಷ್ಟು ವರ್ಷ ಕಂದಾಯ ಕಟ್ಟಿದ್ದು ನಮ್ಮಪ್ಪ. ಬೋರ್ ಹಾಕ್ಸಿದ್ದು, ತಂತಿ ಬೇಲಿ ಎಳೆಸಿದ್ದು ನಮ್ಮಪ್ಪ. ಪಕ್ಕದೋನು ಬದು ಒತ್ತಿದಾಗ ತಾಲ್ಲೂಕು ಆಫೀಸಿಗೆ ಅಲೆದಿದ್ದೂ ಅವ್ರೇ. ಅದು ನಿನ್ನ ಪುಸ್ತಕದಲ್ಲಿ ಇಲ್ವಲ್ಲ?” ಎಂದ. ಅವನು ಜಗಳಕ್ಕೆ ಹೇಳಿದ್ದಲ್ಲ, ಅವನ ಮಾತಿನಲ್ಲಿ ನ್ಯಾಯವಿತ್ತು. ಆಗ ನಾನು ಆ ಹತ್ತನೆಯ ಒಂದು ಪಾಲಿನ ಸೂತ್ರವನ್ನು ಹೇಳಿದೆ. ಮೊದಲು ಆರು ಗುಂಟೆ ಚಿಕ್ಕಪ್ಪನ ಮನೆಗೆ ತೆಗೆದಿಟ್ಟು, ಉಳಿದ ಐವತ್ತನಾಲ್ಕನ್ನು ಹದಿನಾರು ಮಾಡಿದರೆ ಹೇಗೆ? ಬೋರಿನ ಖರ್ಚು ಬೇರೆಯೇ ಲೆಕ್ಕ ಹಾಕಿ ಎಲ್ಲರೂ ಪಾಲಿನಂತೆ ಕೊಡುವುದು. ಮೇಷ್ಟ್ರದು ಆಗ 10 ಗುಂಟೆ 2 ಆಣೆ. ಮಾವ ನಕ್ಕು, “ಪರವಾಗಿಲ್ಲಮ್ಮ, ನಿನ್ನ ಪಿಎಚ್.ಡಿ. ಈಗ ಒಂದು ಉಪಯೋಗಕ್ಕೆ ಬಂತು” ಎಂದರು.

ತಮ್ಮ ಇನ್ನೂ ಏನೋ ಯೋಚಿಸುತ್ತಿದ್ದ. “ಮೇಷ್ಟ್ರು ಅಷ್ಟೇ ಕೊಟ್ಟಿದ್ರು ಅನ್ನೋದಕ್ಕೆ...” ಎಂದು ಶುರು ಮಾಡುತ್ತಿದ್ದಂತೆ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಒಳಗೆ ಬಂದರು. “ಈ ನಡುಮನೆಯಲ್ಲೇ ಕೊಟ್ಟಿದ್ದು ಕಣೋ. ಹದಿನೆಂಟು ಸಾವಿರ. ಐವತ್ತರ ನೋಟು ಜಾಸ್ತಿ ಇತ್ತು, ಎಣಿಸಿದ್ದು ನಾನೇ. ನಿಮ್ಮಪ್ಪ ಸಾಯೋ ಮುಂಚೆನೂ ಮೇಷ್ಟ್ರದ್ದು ಕೊಡಬೇಕು ಅಂತಿದ್ರು” ಎಂದರು. ಆಂಟಿ ಸೆರಗನ್ನು ಕೈಯಲ್ಲಿ ಸುತ್ತಿಕೊಂಡು ಕೂತೇ ಇದ್ದರು. ಮಗ ಇಲ್ಲದೆ, ಅಣ್ಣತಮ್ಮಂದಿರಿಂದ ಭಾಗವಾಗಿ ಸತ್ತವನ ಆಸ್ತಿಗೆ ಮೊದಲ ವಾರಸುದಾರಳು ಹೆಂಡತಿ ಎಂದು ವಿಜ್ಞಾನೇಶ್ವರ ಒಂಬೈನೂರು ವರ್ಷದ ಹಿಂದೆ ವಾದಿಸಿ ಬರೆದಿದ್ದಾನೆ. ಮೇಷ್ಟ್ರಿಗೂ ಇದ್ದದ್ದು ಒಬ್ಬಳೇ ಮಗಳು. ಆದರೆ ಆ ಹೊತ್ತಿಗೆ ಯಾವ ಗ್ರಂಥವೂ ಬೇಕಾಗಲಿಲ್ಲ. ಹಳಬರು ಊರಿನವರ ಎದುರು, ಪಕ್ಕದ ಹೊಲದವರ ಎದುರು ಎಂದು ಯಾಕೆ ಪಟ್ಟು ಹಿಡಿಯುತ್ತಿದ್ದರು ಎಂದು ನನಗೆ ಅರ್ಥವಾದದ್ದು ಆ ನಡುಮನೆಯಲ್ಲಿ. ದುಡ್ಡು ಎಣಿಸಿದವಳ ಹೆಸರೂ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಜಮೀನನ್ನು ಮಾರುವುದು, ಬಂದದ್ದನ್ನು ಈ ಪಾಲಿನಂತೆ ಕೊಡುವುದು ಎಂದು ಮಾತಾಯಿತು. ಕಾನೂನಿಗೆ ಸರಿಹೊಂದುವಂತೆ ಹೇಗೆ ಎಂಬುದನ್ನು ವಕೀಲರ ಹತ್ತಿರ, ತೆರಿಗೆ ಬಲ್ಲವರ ಹತ್ತಿರ ಕೇಳಿಯೇ ಮುಂದುವರಿಯುವುದು. ನಾನು ಎರಡು ಪುಟ ಬರೆದೆ. ಯಾರು ಎಷ್ಟು ಕೊಟ್ಟರು, ಯಾವ ದುಡ್ಡಿನಿಂದ ಕೊಟ್ಟರು, ಯಾರ ಎದುರು ಕೊಟ್ಟರು. ಅಮ್ಮನ ಬಳೆಯನ್ನೂ ಚಿಕ್ಕಮ್ಮ ಎಣಿಸಿದ್ದನ್ನೂ ಸೇರಿಸಿದೆ. ಪಕ್ಕದ ಹೊಲದ ಅಜ್ಜನನ್ನು ಕರೆದು ತಂದೆವು. ಅವರು ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದರು.

ಆ ಕಾಗದಕ್ಕೆ ನ್ಯಾಯಾಲಯದಲ್ಲಿ ಬೆಲೆ ಇಲ್ಲದೇ ಇರಬಹುದು. ತಂಗಿಯ ಸಹಿಯ ಜಾಗವೂ ಇನ್ನೂ ಖಾಲಿ ಇದೆ. “ಮನೆಯಲ್ಲಿ ಮಾತಾಡಿ ಹೇಳ್ತೀನಿ ಅಕ್ಕಾ” ಎಂದಿದ್ದಾಳೆ. ಮೂರರಲ್ಲಿ ಒಂದು ಪಾಲು ಕಾನೂನಿನಂತೆ ಅವಳದು. ಅವಳು ಬೇಡವೆಂದರೆ ಯಾರೂ ಏನೂ ಮಾಡುವ ಹಾಗಿಲ್ಲ. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಭಾಷಣ ಮಾಡುವ ನಾನು ಅವಳ ಮೇಲೆ ಒತ್ತಡ ಹಾಕುವಂತೆಯೂ ಇಲ್ಲ.

ಕಾಗದದ ಒಂದು ಪ್ರತಿಯನ್ನು ಆಂಟಿಗೆ ಕೊಟ್ಟೆವು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಅದನ್ನು ಬ್ಯಾಗಿನಿಂದ ಎರಡು ಸಲ ಹೊರಗೆ ತೆಗೆದರು. ಎರಡನೆಯ ಸಲ, “ಅವರ ಹೆಸರು ಎಲ್ಲಿದೆ ತೋರಿಸಮ್ಮ, ಕನ್ನಡಕ ತಂದಿಲ್ಲ” ಎಂದರು. ನಾನು ಅವರ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ.